ವಾಟರ್ ಸ್ಲೈಡ್ ಆರಿಸುವಾಗ ಕೆಳಗಿನಿಂದ ಶುರುಮಾಡಿ

ಸ್ಲೈಡ್ ಹಾಕಿಸಬೇಕೆಂದು ಬರುವವರ ಮೊದಲ ಮಾತು ಹೆಚ್ಚುಕಡಿಮೆ ಯಾವಾಗಲೂ ಎತ್ತರದ್ದೇ. ಹತ್ತು ಮೀಟರ್ ಸಾಕೇ, ಹದಿನೈದು ಮಾಡೋಣವೇ, ಎಷ್ಟು ತಿರುವು ಇರಲಿ, ಯಾವ ಬಣ್ಣ ಚೆನ್ನ. ನಾನು ಕೇಳುವುದು ಬೇರೆ: ಮೇಲಿನಿಂದ ಜಾರಿ ಬಂದವರು ಎಲ್ಲಿ ನಿಲ್ಲುತ್ತಾರೆ, ಹೇಗೆ ನಿಲ್ಲುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಎತ್ತರ, ಉದ್ದ, ತಿರುವು ಎಲ್ಲವೂ ತಾವಾಗಿ ಒಂದು ಮಿತಿಗೆ ಬರುತ್ತವೆ. ಮೇಲಿನಿಂದ ಶುರುಮಾಡಿದರೆ ಕೊನೆಗೆ ಉಳಿದ ಜಾಗದಲ್ಲಿ ಒಂದು ಕೊಳ ತುರುಕಬೇಕಾಗುತ್ತದೆ.

ಲೆಕ್ಕ ಸರಳ. ಘರ್ಷಣೆಯೇ ಇಲ್ಲ ಎಂದುಕೊಂಡರೆ 10 ಮೀಟರ್ ಎತ್ತರದಿಂದ ಇಳಿದ ದೇಹಕ್ಕೆ ಸೆಕೆಂಡಿಗೆ 14 ಮೀಟರ್ ವೇಗ ಬರುತ್ತದೆ, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್. 20 ಮೀಟರ್ ಆದರೆ ಗಂಟೆಗೆ 71. ನಿಜವಾದ ಸ್ಲೈಡಿನಲ್ಲಿ ಇಳಿಜಾರು ಕಡಿಮೆ, ದಾರಿ ಉದ್ದ, ತಿರುವುಗಳಲ್ಲಿ ವೇಗ ಸವೆಯುತ್ತದೆ, ಹಾಗಾಗಿ ಅಷ್ಟು ವೇಗ ಬರುವುದಿಲ್ಲ. ಆದರೆ ಎಷ್ಟು ಸವೆಯುತ್ತದೆ ಎಂಬುದು ಜಾರುವವರ ತೂಕ, ಬಟ್ಟೆ, ಮಲಗುವ ಭಂಗಿ, ಆ ದಿನದ ನೀರಿನ ಹರಿವು ಇವೆಲ್ಲವನ್ನೂ ಅವಲಂಬಿಸಿದೆ. ಒಂದೇ ಸ್ಲೈಡಿನಲ್ಲಿ ಒಂದೇ ಬೆಳಿಗ್ಗೆ ಇಬ್ಬರು ಎರಡು ಬೇರೆ ವೇಗಗಳಲ್ಲಿ ಇಳಿಯುತ್ತಾರೆ. ಈ ಅಂತರವೇ ನನ್ನ ಕೆಲಸದ ತಿರುಳು.

ಆದ್ದರಿಂದ ಮುಂದೆ ಹೋಲಿಸುವ ಪ್ರತಿಯೊಂದು ಆಯ್ಕೆಗೂ ನಾನು ಒಂದೇ ಒರೆಗಲ್ಲು ಹಿಡಿಯುತ್ತೇನೆ. ಎಲ್ಲರೂ ಸರಿಯಾಗಿ ನಡೆದುಕೊಂಡಾಗ ಯಾವುದು ಚೆನ್ನಾಗಿದೆ ಎಂಬುದು ಅಷ್ಟು ಮುಖ್ಯವಲ್ಲ. ಯಾರೋ ಒಬ್ಬರು ತಪ್ಪಿದಾಗ, ಅಂದರೆ ಕುಳಿತಿರಿ ಅಂದರೂ ಮಲಗಿದಾಗ, ಕಾಲು ಜೋಡಿಸಿ ಅಂದರೂ ಅಗಲಿಸಿದಾಗ, ನೀರು ಬಿಡುವವರು ವಾಲ್ವನ್ನು ಅರ್ಧ ತೆರೆದು ಮರೆತಾಗ, ಯಾವುದು ಆ ತಪ್ಪನ್ನು ತಡೆದುಕೊಳ್ಳುತ್ತದೆ?

ಕೊನೆಯಲ್ಲಿ ಕೊಳವೋ, ರನ್‌ಔಟೋ

ಸ್ಲೈಡು ಮುಗಿಯುವ ಬಗೆ ಮುಖ್ಯವಾಗಿ ಎರಡು. ಒಂದು, ನೇರ ಕೊಳಕ್ಕೆ ಬೀಳುವುದು. ಇನ್ನೊಂದು, ರನ್‌ಔಟ್: ಜಾರುದಾರಿಯೇ ಕೊನೆಯಲ್ಲಿ ಮಟ್ಟಸವಾಗಿ ಮುಂದುವರಿಯುತ್ತದೆ, ಅದರಲ್ಲಿ ಒಂದು ಗೇಣಿಗಿಂತ ಕಡಿಮೆ ನೀರು ನಿಂತಿರುತ್ತದೆ. ಬಂದವರ ದೇಹ ಆ ನೀರನ್ನು ಮುಂದಕ್ಕೆ ತಳ್ಳುತ್ತಾ ತಾನೇ ನಿಧಾನವಾಗುತ್ತದೆ. ನಿಂತ ಮೇಲೆ ಎದ್ದು ಪಕ್ಕದ ಅಂಚು ದಾಟಿದರಾಯಿತು.

ಕೊಳಕ್ಕೆ ಬೀಳುವ ಖುಷಿಯೇ ಬೇರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ನಾಲ್ಕು ವಿಷಯ ಒಟ್ಟಿಗೆ ಸರಿಯಾಗಿರಬೇಕು. ಆಳ ಸುಮಾರು ಒಂದು ಮೀಟರಿನ ಆಸುಪಾಸು ಇರಬೇಕು. ಕಡಿಮೆಯಾದರೆ ತಳಕ್ಕೆ ಬಡಿಯುತ್ತಾರೆ, ಹೆಚ್ಚಾದರೆ ಈಜು ಬಾರದ ಮಗುವಿಗೆ ಕಾಲು ಸಿಗುವುದಿಲ್ಲ. ಸ್ಲೈಡಿನ ತುದಿ ನೀರಿನ ಮಟ್ಟಕ್ಕೆ ಹತ್ತಿರ ಇರಬೇಕು. ಮೆಟ್ಟಿಲು ಎದುರಿಗೇ ಇರಬೇಕು, ಹೊರಬರುವವರು ಇನ್ನೊಂದು ಸ್ಲೈಡಿನ ಬಾಯಿಯ ಮುಂದೆ ಹಾದುಹೋಗುವಂತೆ ಇರಬಾರದು. ನಾಲ್ಕನೆಯದು, ತಲೆ ಮುಳುಗಿ ದಿಕ್ಕು ತಪ್ಪಿದವರನ್ನು ಎತ್ತಲು ಕಣ್ಣು ಕೀಲಿಸಿದ ಲೈಫ್‌ಗಾರ್ಡ್ ಒಬ್ಬರು ಅಲ್ಲೇ ಇರಬೇಕು. ಈ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಕೊಳ ತಪ್ಪನ್ನು ಮನ್ನಿಸುವುದಿಲ್ಲ.

ಅದರಲ್ಲೂ ನೀರಿನ ಮಟ್ಟ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 100 ಮೀಟರ್ ಉದ್ದದ ಸ್ಲೈಡಿನಲ್ಲಿ ಸರಾಸರಿ 60 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಆಳದ ನೀರು ಹರಿಯುತ್ತಿದೆ ಅನ್ನಿ. ಅಂದರೆ ಯಾವ ಕ್ಷಣದಲ್ಲಿ ನೋಡಿದರೂ 2,400 ಲೀಟರ್ ನೀರು ಸ್ಲೈಡಿನ ಮೇಲಿದೆ. ಪೈಪಿನೊಳಗಿನದು ಬೇರೆ. ಆ ನೀರು ಎಲ್ಲಿಂದ ಬಂತು? ಕೆಳಗಿನ ಕೊಳದಿಂದಲೇ. ಕೊಳ 6 ಮೀಟರ್ ಉದ್ದ, 4 ಮೀಟರ್ ಅಗಲದ್ದಾದರೆ ಪಂಪ್ ಹಾಕಿದ ಕೂಡಲೇ ಅದರ ಮಟ್ಟ 10 ಸೆಂಟಿಮೀಟರ್ ಇಳಿಯುತ್ತದೆ. ಪಂಪ್ ನಿಂತಿದ್ದಾಗ ಅಳತೆ ತೆಗೆದವರಿಗೆ ಸ್ಲೈಡಿನ ತುದಿ ನೀರಿಗೆ ತಾಗಿದಂತೆ ಕಂಡಿರುತ್ತದೆ. ಜನ ಜಾರುವ ಹೊತ್ತಿಗೆ ಅದು ಗಾಳಿಯಲ್ಲಿರುತ್ತದೆ, ಆಳವೂ ಅಷ್ಟೇ ಕಡಿಮೆಯಾಗಿರುತ್ತದೆ. ಒಂದು ಜಾಗದಲ್ಲಿ ಹೀಗೇ ಆಗಿ, ಹದಿನಾಲ್ಕು ವರ್ಷದ ಹುಡುಗನೊಬ್ಬ ಬಾಲಮೂಳೆಗೆ ಪೆಟ್ಟು ಮಾಡಿಕೊಂಡ ಮೇಲೆ ನನ್ನನ್ನು ಕರೆದಿದ್ದರು. ನಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು, ಏಕೆಂದರೆ ನಕ್ಷೆಯಲ್ಲಿ ಪಂಪ್ ಓಡುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಸಮತೋಲನ ತೊಟ್ಟಿ ಕಟ್ಟಿ, ಸ್ಲೈಡಿನ ನೀರನ್ನು ಅದರಿಂದ ಎಳೆಯುವಂತೆ ಮಾಡಿದರೆ ಈ ತೊಂದರೆ ತೀರುತ್ತದೆ. ಕೊಳ ಆರಿಸುವವರು ಈ ತೊಟ್ಟಿಯ ಖರ್ಚನ್ನೂ ಸೇರಿಸಿಯೇ ಹೋಲಿಸಬೇಕು.

ರನ್‌ಔಟಿಗೆ ಉದ್ದದ ಜಾಗ ಬೇಕು, ಅದೇ ಅದರ ದೊಡ್ಡ ಬೆಲೆ. ವೇಗದ ಸ್ಲೈಡಾದರೆ ಹತ್ತಾರು ಮೀಟರ್ ಬೇಕಾಗುತ್ತದೆ. ನೀರಿನ ಆಳ ತಪ್ಪಿದರೂ ತೊಂದರೆ: ಕಡಿಮೆಯಾದರೆ ನಿಲ್ಲುವುದಿಲ್ಲ, ಬೆನ್ನು ತರಚುತ್ತದೆ; ಜಾಸ್ತಿಯಾದರೆ ಗೋಡೆಗೆ ಗುದ್ದಿದಂತೆ ಗಕ್ಕನೆ ನಿಲ್ಲುತ್ತಾರೆ, ಮುಖಕ್ಕೆ ನೀರು ನುಗ್ಗುತ್ತದೆ. ಆದರೆ ಇಲ್ಲಿ ನೀರಿನ ಮಟ್ಟವನ್ನು ಕಾಯುವುದು ಒಂದು ಅಂಚು. ಹೆಚ್ಚಾದ ನೀರು ಅದರ ಮೇಲಿಂದ ಚೆಲ್ಲಿಹೋಗುತ್ತದೆ, ಯಾರೂ ನೆನಪಿಟ್ಟುಕೊಂಡು ಮಾಡಬೇಕಾದ ಕೆಲಸವಲ್ಲ. ಮುಳುಗುವ ಭಯವೂ ತೀರಾ ಕಡಿಮೆ. ಈಜು ಬಾರದವರು, ವಯಸ್ಸಾದವರು, ಚಿಕ್ಕ ಮಕ್ಕಳು ಬರುವ ಜಾಗವಾದರೆ, ಜಾಗದ ಅನುಕೂಲ ಇದ್ದರೆ, ನಾನು ಕಣ್ಣುಮುಚ್ಚಿ ರನ್‌ಔಟ್ ಅನ್ನುತ್ತೇನೆ.

ಕಡಿದಾದ ಸ್ಪೀಡ್ ಸ್ಲೈಡಿಗಂತೂ ಆಯ್ಕೆಯೇ ಇಲ್ಲ, ರನ್‌ಔಟೇ ಬೇಕು. ಆ ವೇಗದಲ್ಲಿ ಆಳದ ನೀರು ಮೆತ್ತಗಿರುವುದಿಲ್ಲ. ಕಾಲು ಅಗಲಿಸಿಕೊಂಡು ವೇಗವಾಗಿ ನೀರಿಗೆ ಹೊಕ್ಕವರಿಗೆ, ಅದರಲ್ಲೂ ಹೆಂಗಸರಿಗೆ, ನೀರಿನ ಒತ್ತಡದಿಂದ ಒಳಗಿನ ಅಂಗಗಳಿಗೆ ಗಾಯವಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕಾಲಿನ ಮೇಲೆ ಕಾಲು ಹಾಕಿ, ಕೈ ಎದೆಯ ಮೇಲೆ ಕಟ್ಟಿ ಎಂದು ಮೇಲೆ ನಿಂತವರು ಹೇಳುವುದು ಇದಕ್ಕಾಗಿ. ಹೇಳಲು ಮುಜುಗರವೆಂದು ಈ ಕಾರಣವನ್ನು ಫಲಕದಲ್ಲಿ ಬರೆಯುವುದಿಲ್ಲ. ಬರೆದರೆ ಜನ ಪಾಲಿಸುತ್ತಾರೆ ಎಂದು ನನ್ನ ನಂಬಿಕೆ.

ಬರೀ ಮೈ, ಚಾಪೆ, ಟ್ಯೂಬ್, ರಾಫ್ಟ್

ಬರೀ ಮೈಯಲ್ಲಿ ಜಾರುವ ಬಾಡಿ ಸ್ಲೈಡು ಎಲ್ಲಕ್ಕಿಂತ ಸರಳ. ಹೊತ್ತು ಮೇಲೇರಬೇಕಾದ ಸಾಮಾನಿಲ್ಲ, ಗಾಳಿ ತುಂಬಬೇಕಾದ್ದಿಲ್ಲ, ಕಡಿಮೆ ನೀರು ಸಾಕು. ಸಾಮಾನ್ಯ ಬಾಡಿ ಸ್ಲೈಡಿನ ಇಳಿಜಾರು ಹತ್ತು ಮೀಟರ್ ಉದ್ದಕ್ಕೆ ಒಂದು ಮೀಟರ್ ಚಿಲ್ಲರೆ. ಇದರ ದೌರ್ಬಲ್ಯ ಎಂದರೆ ಸ್ಲೈಡಿನ ತುಂಡುಗಳು ಕೂಡುವ ಪ್ರತಿ ಜಾಯಿಂಟೂ ನೇರ ಚರ್ಮಕ್ಕೆ ತಾಗುತ್ತದೆ, ಮತ್ತು ಭಂಗಿ ಪೂರ್ತಿ ಜಾರುವವರ ಕೈಯಲ್ಲಿದೆ. ಮಧ್ಯದಲ್ಲಿ ಎದ್ದು ಕೂರುತ್ತಾರೆ, ತಿರುಗುತ್ತಾರೆ, ಸ್ನೇಹಿತ ಬರಲಿ ಎಂದು ಕೈಯೂರಿ ನಿಲ್ಲುತ್ತಾರೆ.

ಚಾಪೆಯ ಸ್ಲೈಡಿನಲ್ಲಿ ತಲೆ ಮುಂದೆ. ಅಕ್ಕಪಕ್ಕದ ಸಾಲುಗಳಲ್ಲಿ ನಾಲ್ಕಾರು ಜನ ಒಟ್ಟಿಗೆ ಇಳಿಯುವ ಪಂದ್ಯದ ಸ್ಲೈಡುಗಳು ಇವು. ತಲೆ ಮುಂದಿರುವುದರಿಂದ ಕೊನೆಯಲ್ಲಿ ಉದ್ದನೆಯ ರನ್‌ಔಟ್ ಇಲ್ಲದೆ ಇದನ್ನು ಕಟ್ಟಲೇಬಾರದು. ಸಾಲುಗಳ ನಡುವಿನ ದಿಂಡು ಚಾಪೆಯನ್ನು ಪಕ್ಕಕ್ಕೆ ಹೋಗದಂತೆ ಹಿಡಿಯುವಷ್ಟು ಎತ್ತರವಿರಬೇಕು. ಎತ್ತರ ಕಡಿಮೆ ಇಟ್ಟು ಉಳಿಸುವ ಫೈಬರಿನ ಖರ್ಚು ಏನೇನೂ ಅಲ್ಲ.

ಗಾಳಿ ತುಂಬಿದ ಉಂಗುರದಂಥ ಟ್ಯೂಬು ದೇಹವನ್ನು ಜಾಯಿಂಟುಗಳಿಂದ ಮೇಲಕ್ಕೆ ಎತ್ತಿಹಿಡಿಯುತ್ತದೆ, ಭಂಗಿಯನ್ನೂ ಹೆಚ್ಚುಕಡಿಮೆ ಅದೇ ನಿರ್ಧರಿಸುತ್ತದೆ. ಈ ಕಾರಣಕ್ಕೆ ಮಧ್ಯಮ ವೇಗದ ಕುಟುಂಬದ ಸ್ಲೈಡಿಗೆ ನನಗೆ ಟ್ಯೂಬು ಇಷ್ಟ. ಆದರೆ ಜಾರುದಾರಿ ಅಗಲವಾಗಬೇಕು: ಬಾಡಿ ಸ್ಲೈಡಿಗೆ ಸುಮಾರು 80 ಸೆಂಟಿಮೀಟರ್ ವ್ಯಾಸ ಸಾಕಾದರೆ ಟ್ಯೂಬಿಗೆ 137ರ ಹತ್ತಿರ ಬೇಕಾಗುತ್ತದೆ. ನೀರೂ ಹೆಚ್ಚು. ಜನ ಟ್ಯೂಬು ಹೊತ್ತು ಮೆಟ್ಟಿಲೇರುವಾಗ ಇಳಿದು ಬರುವವರಿಗೆ ದಾರಿಯಿರುವುದಿಲ್ಲ. ಹೆದರಿ ವಾಪಸು ಬರುವ ಮಗುವಿಗೆ ಆ ದಾರಿ ಬೇಕು. ಹಾಗಾಗಿ ಟ್ಯೂಬ್ ಮೇಲೇರಿಸುವ ಬೆಲ್ಟನ್ನೋ ಅಗಲದ ಮೆಟ್ಟಿಲನ್ನೋ ಮೊದಲೇ ಲೆಕ್ಕಕ್ಕೆ ಸೇರಿಸಿ.

ರಾಫ್ಟ್, ಅಂದರೆ ಹಲವರು ಕೂರುವ ತೆಪ್ಪದ ಬಗ್ಗೆ ಎಚ್ಚರಿಕೆಯಿಂದ ಮಾತಾಡಬೇಕು. ಮೂವರು, ನಾಲ್ವರು, ಆರು ಜನ ಒಟ್ಟಿಗೆ ಕೂರುತ್ತಾರೆ, ಎಲ್ಲರಿಗೂ ಖುಷಿ. ಆದರೆ ವೇಗವನ್ನು ನಿರ್ಧರಿಸುವ ತೂಕ ಪ್ರತಿ ಸಲವೂ ಬೇರೆ, ಆ ತೂಕ ಹಂಚಿಕೊಂಡಿರುವ ಬಗೆಯೂ ಬೇರೆ.

ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 2014ರ ಜುಲೈನಲ್ಲಿ ತೆರೆದ ವೆರ್ಯುಕ್ಟ್ ಸ್ಲೈಡು 51 ಮೀಟರಿಗೂ ಎತ್ತರ, ಆ ಹೊತ್ತಿಗೆ ಜಗತ್ತಿನಲ್ಲೇ ಅತಿ ಎತ್ತರದ್ದು. ಮೂವರ ರಾಫ್ಟು ಕಡಿದಾಗಿ ಇಳಿದು, ಎದುರಿನ ಇನ್ನೊಂದು ಗುಡ್ಡದಂಥ ಉಬ್ಬನ್ನು ಏರಿ ದಾಟಬೇಕಿತ್ತು. ಮರಳುಚೀಲ ಇಟ್ಟು ಪರೀಕ್ಷಿಸಿದಾಗಲೇ ರಾಫ್ಟುಗಳು ಉಬ್ಬಿನ ಮೇಲೆ ಗಾಳಿಗೆ ಹಾರಿದ್ದವು. ಉಬ್ಬನ್ನು ತಿದ್ದಿದರು, ಮೇಲೆ ಬಲೆ ಕಟ್ಟಿದರು, ಬಲೆ ಹಿಡಿಯಲು ಲೋಹದ ಕಮಾನುಗಳನ್ನು ನಿಲ್ಲಿಸಿದರು. ಮೂವರ ಒಟ್ಟು ತೂಕ ಸುಮಾರು 181ರಿಂದ 249 ಕಿಲೋ ಒಳಗಿರಬೇಕೆಂದು ನಿಯಮ ಮಾಡಿದರು. 2016ರ ಆಗಸ್ಟ್ 7ರಂದು, ಮುಂದೆ ಹಗುರದ ಹುಡುಗ, ಹಿಂದೆ ಇಬ್ಬರು ದೊಡ್ಡವರು ಕೂತಿದ್ದ ರಾಫ್ಟು ಅದೇ ಉಬ್ಬಿನಲ್ಲಿ ಎದ್ದು ಕಮಾನಿಗೆ ಬಡಿಯಿತು. ಹತ್ತು ವರ್ಷದ ಆ ಹುಡುಗ ಅಲ್ಲೇ ತೀರಿಕೊಂಡ. ಸ್ಲೈಡನ್ನು 2018ರಲ್ಲಿ ಕೆಡವಿದರು.

ಉಬ್ಬಿನ ಗಣಿತ ಒಂದು ಸಾಲಿನದು. ನೆತ್ತಿಯ ಬಾಗುವಿಕೆಯ ತ್ರಿಜ್ಯ 5 ಮೀಟರ್ ಇದ್ದರೆ, ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ದಾಟುವವರು ತಮ್ಮ ಅರ್ಧ ತೂಕದಲ್ಲಿ ಮೆಲ್ಲನೆ ದಾಟುತ್ತಾರೆ. ವೇಗ 7 ಮೀಟರ್ ಆದರೆ ತೂಕವೇ ಇಲ್ಲ. 8 ಆದರೆ ಹಾರುತ್ತಾರೆ. ಖುಷಿಗೂ ಸಾವಿಗೂ ಇರುವ ಅಂತರ ಸೆಕೆಂಡಿಗೆ ಎರಡು ಮೂರು ಮೀಟರ್. ಅಷ್ಟು ವ್ಯತ್ಯಾಸ ತೂಕದಿಂದಲೇ ಬರಬಹುದು. ಬಲೆ ಹಾರಿದವರನ್ನು ಹಿಡಿಯಲು ಇದ್ದದ್ದು. ಹಾರುವುದನ್ನು ತಡೆಯಬೇಕಾದ್ದು ಜಾರುದಾರಿಯ ಆಕಾರ. ನಿಮಗೆ ತೋರಿಸಿದ ಚಿತ್ರದಲ್ಲಿ ಮೇಲಕ್ಕೇರುವ ಉಬ್ಬು ಇದ್ದರೆ, ಅತಿ ಭಾರದ ಮತ್ತು ಅತಿ ಹಗುರದ ರಾಫ್ಟು ಆ ನೆತ್ತಿಯನ್ನು ಯಾವ ವೇಗದಲ್ಲಿ ದಾಟುತ್ತವೆ ಎಂದು ಬರಹದಲ್ಲಿ ಕೇಳಿ. ಉತ್ತರದಲ್ಲಿ ಒಂದೇ ಅಂಕಿ ಬಂದರೆ ಆ ಸ್ಲೈಡನ್ನು ಪಟ್ಟಿಯಿಂದ ತೆಗೆದುಹಾಕಿ.

ಉಬ್ಬಿಲ್ಲದ, ಅಗಲ ತೊಟ್ಟಿಯಂಥ ದಾರಿಯಲ್ಲಿ ನಿಧಾನವಾಗಿ ಇಳಿಯುವ ರಾಫ್ಟ್ ಸ್ಲೈಡುಗಳೂ ಇವೆ, ಅವು ಒಳ್ಳೆಯವೇ. ಆದರೆ ಮೇಲೆ ತಕ್ಕಡಿ ಇರಲೇಬೇಕು, ಕಣ್ಣಂದಾಜು ಸಾಲದು. ನಿಮ್ಮ ತೂಕ ಎಷ್ಟು ಎಂದು ನೂರು ಜನರ ಮುಂದೆ ಕೇಳಿದರೆ ನಿಜ ಹೇಳುವವರು ಕಡಿಮೆ. ತಕ್ಕಡಿಗೆ ಅಂಕಿ ತೋರಿಸುವ ಬದಲು ಹಸಿರು, ಕೆಂಪು ದೀಪ ಇಟ್ಟರೆ ಯಾರಿಗೂ ಅವಮಾನವಿಲ್ಲ.

ತೆರೆದ ದಾರಿ, ಮುಚ್ಚಿದ ಕೊಳವೆ

ತಿರುವಿನಲ್ಲಿ ದೇಹ ಗೋಡೆ ಹತ್ತುತ್ತದೆ. ಎಷ್ಟು ಹತ್ತುತ್ತದೆ? ತಿರುವಿನ ತ್ರಿಜ್ಯ 3 ಮೀಟರ್, ವೇಗ ಸೆಕೆಂಡಿಗೆ 6 ಮೀಟರ್ ಆದರೆ ದಾರಿಯ ತಳದಿಂದ ಸುಮಾರು 51 ಡಿಗ್ರಿ. ವೇಗ 8 ಆದರೆ 65 ಡಿಗ್ರಿ. ಅರ್ಧ ಕೊಳವೆಯಂಥ ತೆರೆದ ದಾರಿಯ ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ಇದರ ಜೊತೆ ಇಟ್ಟು ನೋಡಿ. ಹೊರಗೋಡೆಯನ್ನು ಎತ್ತರಿಸದ ತೆರೆದ ತಿರುವಿನಲ್ಲಿ, ಮೈಗೆ ನುಣುಪು ಬಟ್ಟೆ ಹಾಕಿಕೊಂಡು ಮಲಗಿ ಬಂದ ಭಾರದ ಮನುಷ್ಯ ಅಂಚಿಗೆ ತೀರಾ ಹತ್ತಿರ ಹೋಗುತ್ತಾನೆ. ಟ್ಯೂಬಿನ ಮೇಲೆ ಕೂತವರ ತಲೆಯಂತೂ ಅಂಚಿಗಿಂತ ಮೇಲಕ್ಕೇ ಇರುತ್ತದೆ.

ಮುಚ್ಚಿದ ಕೊಳವೆಯಿಂದ ಯಾರೂ ಹೊರಬೀಳುವುದಿಲ್ಲ. ಅದರ ದೊಡ್ಡ ಗುಣ ಅದು. ಆದರೆ ಒಳಗೆ ಸಿಕ್ಕಿಕೊಂಡವರನ್ನು ಮೇಲಿರುವವರು ನೋಡಲಾರರು, ಕತ್ತಲಲ್ಲಿ ಹೆದರಿ ಕೈಕಾಲು ಅಗಲಿಸಿ ನಿಲ್ಲುವವರಿದ್ದಾರೆ, ಎರಡನೆಯವರು ಬಂದು ಗುದ್ದುತ್ತಾರೆ. ಹಾಗಾಗಿ ಕೊಳವೆಯಾದರೆ ಕೊನೆಯಲ್ಲಿ ಒಬ್ಬರು ಹೊರಬಂದರೆಂದು ಗುರುತಿಸುವ ಸೆನ್ಸರ್, ಅದು ಹೇಳುವ ತನಕ ಮೇಲಿನ ದೀಪ ಕೆಂಪಾಗಿಯೇ ಇರುವ ವ್ಯವಸ್ಥೆ ಬೇಕೇಬೇಕು. ತಿರುವುಗಳಲ್ಲಿ ಮಾತ್ರ ಮುಚ್ಚಿ, ನೇರ ದಾರಿಗಳಲ್ಲಿ ತೆರೆದಿಡುವ ಮಿಶ್ರ ಸ್ಲೈಡು ನನ್ನ ಆಯ್ಕೆ. ಬೆಳಕೂ ಬರುತ್ತದೆ, ಬಿಸಿಗಾಳಿಯೂ ನಿಲ್ಲುವುದಿಲ್ಲ, ಜನರಿಗೆ ಬೇಕಾದ ಕಡೆ ಗೋಡೆಯೂ ಇರುತ್ತದೆ.

ಲಂಬವಾಗಿ ಪೂರ್ತಿ ಸುತ್ತು ಹೊಡೆಯುವ ಲೂಪ್ ಕೇಳುವವರೂ ಇದ್ದಾರೆ. ನ್ಯೂಜೆರ್ಸಿಯ ಆ್ಯಕ್ಷನ್ ಪಾರ್ಕ್ 1985ರಲ್ಲಿ ಅಂಥದ್ದೊಂದನ್ನು ತೆರೆದು ಬಹಳ ಬೇಗ ಮುಚ್ಚಿತು. ಸುತ್ತು ಪೂರೈಸಲಾಗದೆ ಸಿಕ್ಕಿಕೊಂಡವರನ್ನು ಹೊರತೆಗೆಯಲು ಅದಕ್ಕೊಂದು ಕಿಂಡಿ ಇಡಬೇಕಾಗಿ ಬಂದಿತ್ತು. ನಿಜವಾದ ವೃತ್ತಾಕಾರದ ಲೂಪಿನಲ್ಲಿ ನೆತ್ತಿಯಲ್ಲಿ ಬೀಳದಿರಬೇಕಾದರೆ ಬುಡದಲ್ಲಿ ದೇಹದ ಮೇಲೆ ಅದರ ತೂಕದ ಆರು ಪಟ್ಟು ಒತ್ತಡ ಬೀಳುತ್ತದೆ. ಈಗಿನ ಲೂಪುಗಳು ಓರೆಯಾಗಿ ಮಲಗಿರುವುದು ಅದಕ್ಕೇ. ಅವುಗಳಿಗೂ ತೂಕದ ಕೆಳಮಿತಿ ಇದೆ, ಪೂರ್ತಿ ಸುತ್ತಲಾರದ ಹಗುರದವರು ಹಿಂದಕ್ಕೆ ಜಾರುತ್ತಾರೆ.

ಫೈಬರ್, ಸ್ಟೀಲ್, ಕಾಂಕ್ರೀಟ್

ಕಾಂಕ್ರೀಟನ್ನು ಮೊದಲೇ ಮುಗಿಸಿಬಿಡೋಣ. ದಿಬ್ಬದ ಮೇಲೆ ಕಟ್ಟುವ, ಅಗಲವಾದ, ಚಿಕ್ಕ ಮಕ್ಕಳ ಜಾರುಬಂಡಿಗೆ ಆಗಬಹುದು. ಉಳಿದಂತೆ ಬೇಡ. ಬಿರುಕು ಬಿಡುತ್ತದೆ, ಬಣ್ಣ ಸುಲಿಯುತ್ತದೆ, ಮೇಲ್ಮೈ ಒರಟಾಗುತ್ತದೆ, ಒಮ್ಮೆ ಕಟ್ಟಿದ ತಿರುವನ್ನು ತಿದ್ದಲಾಗುವುದಿಲ್ಲ. ಅಚ್ಚಿನ ಪ್ಲಾಸ್ಟಿಕ್ ಸ್ಲೈಡುಗಳು ಒಂದೆರಡು ಮೀಟರ್ ಎತ್ತರದ ಮಕ್ಕಳ ಕೊಳಕ್ಕೆ ಸರಿ. ಬಿಸಿಲಿಗೆ ಪೆಡಸಾಗುತ್ತವೆ, ಬೆರಳಿನಿಂದ ಉಜ್ಜಿದಾಗ ಬಿಳಿ ಪುಡಿ ಬಂದರೆ ಬದಲಿಸುವ ಕಾಲ ಬಂತೆಂದು ತಿಳಿಯಿರಿ.

ದೊಡ್ಡ ಸ್ಲೈಡುಗಳಲ್ಲಿ ಬಹುಪಾಲು ಫೈಬರ್, ಅಂದರೆ ಗಾಜಿನೆಳೆ ಸೇರಿಸಿದ ರೆಸಿನ್, ಮೇಲೆ ಜೆಲ್‌ಕೋಟಿನ ನುಣುಪು ಪದರ. ಇದರಲ್ಲಿ ಎರಡು ಬಗೆ. ಕೈಯಲ್ಲಿ ಪದರ ಪದರವಾಗಿ ಹಚ್ಚಿ ಮಾಡಿದ್ದು ಅಗ್ಗ, ಒಳಬದಿ ಮಾತ್ರ ನುಣುಪು, ದಪ್ಪ ಕೆಲಸಗಾರನ ಕೈಯನ್ನು ಅವಲಂಬಿಸಿದೆ. ಮುಚ್ಚಿದ ಅಚ್ಚಿನೊಳಗೆ ರೆಸಿನ್ ನುಗ್ಗಿಸಿ ಮಾಡಿದ್ದಕ್ಕೆ ಎರಡೂ ಬದಿ ನುಣುಪು, ದಪ್ಪ ಎಲ್ಲ ಕಡೆ ಒಂದೇ. ಕೈಯ ಕೆಲಸ ಕೆಟ್ಟದ್ದಲ್ಲ, ಒಳ್ಳೆಯ ಕೈಗಳನ್ನು ನಾನು ನೋಡಿದ್ದೇನೆ. ಆದರೆ ಅದನ್ನು ಆರಿಸಿದರೆ ಪ್ರತಿ ತುಂಡಿನ ದಪ್ಪವನ್ನು ಹಲವು ಜಾಗಗಳಲ್ಲಿ ಅಳೆದು ಬರೆದ ಪಟ್ಟಿ ಕೇಳಿ.

ಫೈಬರ್ ಸ್ಲೈಡಿನ ಪ್ರಾಣ ಇರುವುದು ಜಾಯಿಂಟಿನಲ್ಲಿ. ತುಂಡುಗಳನ್ನು ಹೊರಬದಿಯ ಚಾಚಿನಲ್ಲಿ ಬೋಲ್ಟ್ ಹಾಕಿ ಬಿಗಿಯುತ್ತಾರೆ, ಒಳಗೆ ಬೋಲ್ಟಿನ ತಲೆ ಕಾಣಲೇಬಾರದು. ಎರಡು ತುಂಡುಗಳು ಕೂಡುವಲ್ಲಿ ಕೂದಲೆಳೆಯ ವ್ಯತ್ಯಾಸ ಬಂದೇ ಬರುತ್ತದೆ, ಆಗ ಕೆಳಗಿನ ತುಂಡು ತಗ್ಗಿರಬೇಕು, ಎಂದೂ ಏರಿರಬಾರದು. ನೀರು ಹರಿಯುವ ದಿಕ್ಕಿಗೆ ಎದುರಾಗಿ ನಿಂತ ಅಂಚು ಕತ್ತಿಯಿದ್ದಂತೆ. ನಾನು ಬೆಳಿಗ್ಗೆ ನೀರು ಬಿಡುವ ಮುಂಚೆ ಚಪ್ಪಲಿ ಬಿಟ್ಟು ಮೇಲಿನಿಂದ ಇಳಿಯುತ್ತೇನೆ. ಪ್ರತಿ ಜಾಯಿಂಟಿಗೂ ಬಗ್ಗಿ ಅಂಗೈಯನ್ನು ಜಾರುವ ದಿಕ್ಕಿಗೆ ಎಳೆಯುತ್ತೇನೆ, ಆಮೇಲೆ ಹಳೆಯ ತೆಳು ನೈಲಾನ್ ಬಟ್ಟೆಯನ್ನು ಎಳೆಯುತ್ತೇನೆ. ಅಂಗೈಗೆ ತಿಳಿಯದ ಮೊನೆ ಬಟ್ಟೆಗೆ ತಿಳಿಯುತ್ತದೆ, ದಾರ ಎದ್ದುಬರುತ್ತದೆ. ಎದ್ದ ಜಾಗಕ್ಕೆ ಮೇಣದ ಕಡ್ಡಿಯಿಂದ ಗುರುತು. ತಿರುವಿನ ಹೊರಗೋಡೆಯಲ್ಲಿ, ಮೊಣಕೈ ತಾಗುವ ಎತ್ತರದಲ್ಲಿ, ಇಂಥ ಗುರುತುಗಳು ಹೆಚ್ಚು. ಕೊಂಡುಕೊಳ್ಳುವ ಮುಂಚೆ ಅದೇ ತಯಾರಕರು ನಾಲ್ಕೈದು ವರ್ಷದ ಹಿಂದೆ ಕಟ್ಟಿದ ಸ್ಲೈಡೊಂದನ್ನು ಹುಡುಕಿ ಹೋಗಿ ಇದನ್ನೇ ಮಾಡಿ ನೋಡಿ. ಬಣ್ಣದ ಪುಸ್ತಕ ಹೇಳದ್ದನ್ನು ಆ ಬಟ್ಟೆ ಹೇಳುತ್ತದೆ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಜಾಯಿಂಟನ್ನು ಬೆಸೆದು, ತಿಕ್ಕಿ, ಹೊಳಪು ಕೊಡುತ್ತಾರೆ, ಮೊನೆಯ ಚಿಂತೆ ಕಡಿಮೆ. ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ಬಿಸಿಲಿಗೆ ನೀರಿಲ್ಲದ ಭಾಗ ಸುಡುತ್ತದೆ. ಇನ್ನೊಂದು ಮಾತನ್ನು ಮರೆಯಬಾರದು: ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯದ್ದು ಅಂತಲ್ಲ. ಸ್ವಿಟ್ಜರ್ಲೆಂಡಿನ ಊಸ್ಟರ್‌ನಲ್ಲಿ 1985ರ ಮೇ 9ರಂದು ಒಳಾಂಗಣ ಈಜುಕೊಳದ ಕಾಂಕ್ರೀಟ್ ಒಳಛಾವಣಿ ಕುಸಿದು 12 ಜನ ಸತ್ತರು. ಅದನ್ನು ಹಿಡಿದಿದ್ದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು ಕ್ಲೋರೈಡಿನಿಂದ ಒಳಗೊಳಗೇ ಬಿರಿದಿದ್ದವು. ನೀರು ತೊಳೆದುಹೋಗುವ ಜಾಗಕ್ಕಿಂತ, ಕ್ಲೋರಿನ್ ಹಬೆ ಕೂತು ಒಣಗುವ ಮೇಲಿನ ಮೂಲೆಗಳೇ ಅಪಾಯದವು. ಒಳಾಂಗಣದಲ್ಲಿ ಸ್ಲೈಡನ್ನು ಛಾವಣಿಯಿಂದ ತೂಗುಹಾಕುವ ಯೋಚನೆ ಯಾರಾದರೂ ಹೇಳಿದರೆ, ಆ ಸರಳಿನ ಲೋಹದ ದರ್ಜೆ ಯಾವುದು, ಅದನ್ನು ಹತ್ತಿರದಿಂದ ನೋಡಲು ಏಣಿ ಎಲ್ಲಿಂದ ಎಂದು ಕೇಳಿ. ನೆಲದಿಂದ ಕಂಬ ನಿಲ್ಲಿಸುವುದೇ ಮೇಲು.

ಹೊರಗಿನ ಕಂಬ, ಗೋಪುರಗಳಿಗೆ ಬಿಸಿ ಸತುವಿನಲ್ಲಿ ಅದ್ದಿದ ಉಕ್ಕು ಸಾಕು. ಒಂದೇ ಷರತ್ತು: ರಂಧ್ರಗಳೆಲ್ಲ ಅದ್ದುವ ಮುಂಚೆಯೇ ಆಗಿರಬೇಕು. ನಿಲ್ಲಿಸುವ ಜಾಗದಲ್ಲಿ ಡ್ರಿಲ್ ಹಿಡಿದು ಹೊಸ ತೂತು ಮಾಡುತ್ತಿದ್ದರೆ ನಕ್ಷೆ ತಪ್ಪಿದೆ ಎಂದರ್ಥ, ಆ ತೂತಿನಿಂದಲೇ ತುಕ್ಕು ಶುರು.

ಮೇಲೆ ನಿಂತವರು, ಕೆಳಗಿನ ಪಂಪು

1997ರ ಜೂನ್ 2ರಂದು ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್‌ನ ವಾಟರ್‌ವರ್ಲ್ಡ್ ಎಂಬ ವಾಟರ್ ಪಾರ್ಕಿನಲ್ಲಿ ಶಾಲೆ ಮುಗಿಸುತ್ತಿದ್ದ ಮಕ್ಕಳ ಗುಂಪೊಂದು ಕಾವಲಿನವರನ್ನು ದಾಟಿ ಒಟ್ಟಿಗೆ ಸ್ಲೈಡಿಗೆ ಇಳಿಯಿತು. ಒಬ್ಬರ ಹಿಂದೊಬ್ಬರು ಜಾರಬೇಕಾದ ದಾರಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಒಂದೇ ಕಡೆ ಸೇರಿಕೊಂಡಾಗ ಸ್ಲೈಡು ಮುರಿದು ಬಿತ್ತು. ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು, 32 ಜನ ಗಾಯಗೊಂಡರು. ಮಕ್ಕಳದ್ದೇ ತಪ್ಪು ಎಂದು ಹೇಳಿ ಮುಗಿಸಬಹುದು. ನನಗೆ ಹಾಗೆ ಮುಗಿಸಲು ಮನಸ್ಸು ಒಪ್ಪುವುದಿಲ್ಲ. ಹದಿಹರೆಯದವರು ಗುಂಪಾಗಿ ಜಾರಲು ನೋಡುತ್ತಾರೆ ಎಂಬುದು ಕಟ್ಟುವ ಮುಂಚೆಯೇ ಗೊತ್ತಿರುವ ಸಂಗತಿ.

ಹಾಗಾಗಿ ಮೇಲಿನ ಬಾಯಿಯಲ್ಲಿ ಏನಿರಬೇಕು ಎಂಬುದಕ್ಕೆ ಮೂರು ದರ್ಜೆ. ಬರೀ ಒಬ್ಬ ಮನುಷ್ಯ ಕೈ ತೋರಿಸಿ ಬಿಡುವುದು ಅಗ್ಗ, ಆದರೆ ಮಧ್ಯಾಹ್ನದ ಹೊತ್ತಿಗೆ ಆ ಕೈ ದಣಿದಿರುತ್ತದೆ. ಮನುಷ್ಯನ ಜೊತೆ ಕೆಂಪು-ಹಸಿರು ದೀಪ, ಇದು ಬಹುತೇಕ ಕಡೆಗೆ ಸಾಕು. ಒಬ್ಬರನ್ನು ಮಾತ್ರ ಬಿಡುವ ಗೇಟು, ಕೊನೆಯ ಸೆನ್ಸರಿಗೆ ಜೋಡಿಸಿದ್ದು, ದುಬಾರಿ. ಮುಚ್ಚಿದ ಕೊಳವೆಗೂ ವೇಗದ ಸ್ಲೈಡಿಗೂ ಅದೇ ಸರಿ. ಇಷ್ಟಾದ ಮೇಲೂ, ಜನ ತುಂಬಿ ನಿಂತರೆ ಒಂದು ತುಂಡು ಎಷ್ಟು ಭಾರ ತಡೆಯುತ್ತದೆ ಎಂಬ ಲೆಕ್ಕವನ್ನು ತಯಾರಕರಿಂದ ಕೇಳಿ ಇಟ್ಟುಕೊಳ್ಳಿ.

ಪಂಪಿನ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಒಂದು ದೊಡ್ಡ ಪಂಪೋ ಎರಡು ಚಿಕ್ಕವೋ ಎಂದರೆ ನನ್ನ ಉತ್ತರ ಎರಡು, ಆದರೆ ಒಂದು ಕೆಟ್ಟರೆ ಇನ್ನೊಂದರಲ್ಲಿ ಅರ್ಧ ನೀರು ಬಿಟ್ಟು ಓಡಿಸುವುದಕ್ಕಲ್ಲ. ಹರಿವು ನಿಗದಿಗಿಂತ ಇಳಿದರೆ ತಾನಾಗಿ ಕೆಂಪು ದೀಪ ಬೀಳಬೇಕು. ಪಂಪು ನೀರೆಳೆಯುವ ಬಾಯಿ ಒಂದೇ ಇದ್ದು ಅದರ ಮೇಲೆ ಯಾರಾದರೂ ಕೂತರೆ ಬಿಡಿಸಿಕೊಳ್ಳಲಾಗದಷ್ಟು ಎಳೆತ ಇರುತ್ತದೆ. ಅಮೆರಿಕ ಇದಕ್ಕಾಗಿಯೇ 2007ರಲ್ಲಿ ಕಾನೂನು ಮಾಡಿತು. ಬಾಯಿ ಕನಿಷ್ಠ ಎರಡಿರಲಿ, ನಡುವೆ ಸುಮಾರು 90 ಸೆಂಟಿಮೀಟರ್ ಅಂತರ ಇರಲಿ, ಮೇಲೆ ಉಬ್ಬಿದ ಜಾಲರಿ ಇರಲಿ. ಜನ ಇಳಿಯದ ಸಮತೋಲನ ತೊಟ್ಟಿಯಿಂದಲೇ ನೀರೆಳೆದರೆ ಇನ್ನೂ ನೆಮ್ಮದಿ.

ಎರಡು ಕೊಟೇಶನ್ ಎದುರಿಗಿಟ್ಟುಕೊಂಡಾಗ

ಬೆಲೆಗಿಂತ ಮುಂಚೆ ನೋಡಬೇಕಾದ್ದು, ಇದು ಇದೇ ಆಕಾರದಲ್ಲಿ ಈಗಾಗಲೇ ಬೇರೆಡೆ ಓಡುತ್ತಿರುವ ಸ್ಲೈಡೋ ನಿಮಗಾಗಿ ಹೊಸದಾಗಿ ಬರೆದದ್ದೋ ಎಂಬುದು. ಹೊಸದರಲ್ಲಿ ಹೆಮ್ಮೆ ಇದೆ, ಆದರೆ ಅದರ ಮೊದಲ ಪರೀಕ್ಷೆ ನಿಮ್ಮಲ್ಲೇ ನಡೆಯುತ್ತದೆ. ಹೊಸದೇ ಬೇಕೆಂದರೆ ಲೆಕ್ಕ ಹಾಕಿದವರ ಓದು, ಅನುಭವ, ಸಹಿ ಮೂರೂ ಕೇಳಿ. ವೆರ್ಯುಕ್ಟ್ ಪ್ರಕರಣದ ಆರೋಪಪಟ್ಟಿಯಲ್ಲಿ ಅದನ್ನು ರೂಪಿಸಿದವರಿಗೆ ಎಂಜಿನಿಯರಿಂಗ್ ಶಿಕ್ಷಣವೇ ಇರಲಿಲ್ಲ ಎಂಬ ಮಾತಿತ್ತು. ಸಾಕ್ಷ್ಯ ಮಂಡಿಸಿದ ಕ್ರಮ ಸರಿಯಿಲ್ಲವೆಂದು 2019ರಲ್ಲಿ ನ್ಯಾಯಾಲಯ ಆ ಆರೋಪಗಳನ್ನು ಕೈಬಿಟ್ಟಿತು. ಪ್ರಶ್ನೆ ಮಾತ್ರ ಕೇಳತಕ್ಕದ್ದೇ.

ಯಾವ ಮಾನದಂಡಕ್ಕೆ ಕಟ್ಟಿದ್ದು ಎಂದು ಕೇಳಿದಾಗ ಯುರೋಪಿನ ಇಎನ್ 1069 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್ 2376 ಎಂಬ ಉತ್ತರ ಬರಬೇಕು. ಇಎನ್ 1069ರ ಮೊದಲ ಭಾಗ ವಿನ್ಯಾಸ, ಪರೀಕ್ಷೆಗಳದ್ದು, ಎರಡನೆಯದು ಬಳಸುವವರಿಗೆ ಕೊಡಬೇಕಾದ ಸೂಚನೆಗಳದ್ದು. "ಅಂತಾರಾಷ್ಟ್ರೀಯ ಗುಣಮಟ್ಟ" ಎಂದಷ್ಟೇ ಬರೆದಿದ್ದರೆ ಅದು ಉತ್ತರವಲ್ಲ. ಕಾರ್ಖಾನೆಯ ಗುಣಮಟ್ಟದ ಪ್ರಮಾಣಪತ್ರವನ್ನೂ ಸ್ಲೈಡಿನ ಸುರಕ್ಷತೆಯ ಪ್ರಮಾಣಪತ್ರವನ್ನೂ ಒಂದೇ ಎಂದು ತೋರಿಸುವವರಿದ್ದಾರೆ, ಎರಡರ ವಿಷಯ ಬೇರೆ ಬೇರೆ.

ಆಮೇಲೆ ಪರೀಕ್ಷೆಯ ಕ್ರಮ ಒಪ್ಪಂದದಲ್ಲೇ ಬರಲಿ. ಮೊದಲು ಬರೀ ನೀರು, ಪ್ರತಿ ಜಾಯಿಂಟಿನ ಸೋರಿಕೆ ನೋಡುವುದಕ್ಕೆ. ಆಮೇಲೆ ಮರಳುಚೀಲ, ಹಗುರದ್ದೂ ಭಾರದ್ದೂ. ಆಮೇಲೆ ವೇಗ ಮತ್ತು ಒತ್ತಡ ಅಳೆಯುವ ಯಂತ್ರ ಕಟ್ಟಿ ಮತ್ತೊಮ್ಮೆ. ಇಷ್ಟೂ ಸರಿ ಬಂದ ಮೇಲೆ ತರಬೇತಿ ಪಡೆದ ದೊಡ್ಡವರು, ಬೇರೆ ಬೇರೆ ತೂಕದವರು, ನೀರಿನ ಹರಿವನ್ನು ಕೆಳಮಿತಿಗೂ ಮೇಲ್ಮಿತಿಗೂ ಇಟ್ಟು ಎರಡು ಸಲ. ತೂಕ, ಹರಿವು, ಕೊನೆಯಲ್ಲಿ ನಿಂತ ಜಾಗ, ಮೂರನ್ನೂ ಪ್ರತಿ ಸಲ ಬರೆದಿಡಬೇಕು. ನಿಂತ ಜಾಗಕ್ಕೆ ರನ್‌ಔಟಿನ ಅಂಚಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿದರೆ ಸಾಕು, ಸಂಜೆಯ ಹೊತ್ತಿಗೆ ಆ ಗುರುತುಗಳು ಎಷ್ಟು ಚದುರಿವೆ ಎಂದು ಕಣ್ಣಿಗೇ ಕಾಣುತ್ತದೆ. ಕೊನೆಯ ಕಂತಿನ ಹಣವನ್ನು ಆ ಪಟ್ಟಿ ಸಹಿಯಾಗಿ ನಿಮ್ಮ ಕೈಸೇರುವ ತನಕ ಹಿಡಿದಿಟ್ಟುಕೊಳ್ಳಿ.